ಮಾತಾಡುತ್ತಾ ತುಳಿಯುವುದು

ಹಾಸಿಗೆ ಬಿಟ್ಟು ಏಳಲಾಗದವರ ಮನೆಗಳಲ್ಲೆಲ್ಲ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಸೊಂಟ ಮುರಿದುಕೊಂಡವರು, ಲಕ್ವ ಹೊಡೆದವರು, ವಯಸ್ಸಾಗಿ ಮೂರನೇ ಮಹಡಿಯಿಂದ ಕೆಳಗಿಳಿಯಲಾರದವರು, ಇವರಿಗೆಲ್ಲ ಕೂದಲು ಬೆಳೆಯುವುದೇನೂ ನಿಲ್ಲುವುದಿಲ್ಲವಲ್ಲ. ಅವರು ಅಂಗಡಿಗೆ ಬರಲಾರರು, ಅಂಗಡಿಯೇ ಅವರ ಮನೆಗೆ ಹೋಗಬೇಕು. ಹನ್ನೊಂದು ವರ್ಷದಿಂದ ಅವಳ ಕಸುಬು ಅದೇ. ಮಲಗಿದವರ ತಲೆಯ ಕೆಳಗೆ ರಬ್ಬರ್ ಹಾಳೆ ಹಾಸಿ, ಒಂದು ಕೈಯಲ್ಲಿ ಕುತ್ತಿಗೆಗೆ ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿ ಕತ್ತರಿ ಆಡಿಸುವುದು ನೋಡಿದಷ್ಟು ಸುಲಭವಲ್ಲ. ಮೇಲಾಗಿ ಅವರ ಮಾತನ್ನೂ ಕೇಳಬೇಕು. "ಕೈಕಾಲು ಹಾಸಿಗೆ ಹಿಡಿದಿರುತ್ತೆ ಅಷ್ಟೇ, ಬಾಯಿ ಹಿಡಿದಿರಲ್ಲ" ಎಂದು ನಗುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಮಂಡಿ ನೋಯಲು ಶುರುವಾದಾಗ ಎಲೆಕ್ಟ್ರಿಕ್ ಸೈಕಲ್ ತೆಗೆದುಕೊಂಡಳು. ಸ್ಕೂಟರಿನ ಹಾಗೆ ಸುಮ್ಮನೆ ಕುಳಿತು ಹೋಗುವಂಥದ್ದಲ್ಲ ಅದು. ತುಳಿಯಲೇಬೇಕು, ತುಳಿದರೆ ಮೋಟಾರು ಕೈಜೋಡಿಸುತ್ತದೆ. ಹ್ಯಾಂಡಲ್ಲಿನ ಎಡಗಡೆ ಒಂದು ಗುಂಡಿ, ಅದರಲ್ಲಿ ಒಂದರಿಂದ ಐದರವರೆಗೆ ನಂಬರು. ಒಂದರಲ್ಲಿಟ್ಟರೆ ಬೆನ್ನಿಗೆ ಯಾರೋ ಬೆರಳು ತಾಗಿಸಿದ ಹಾಗೆ, ಐದರಲ್ಲಿಟ್ಟರೆ ಎರಡು ಕೈಯಿಂದ ದಬ್ಬಿದ ಹಾಗೆ. ಹಿಂದಿನ ಪೆಟ್ಟಿಗೆಯಲ್ಲಿ ಕತ್ತರಿ, ಬಾಚಣಿಗೆ, ಟವೆಲ್ಲು, ನೀರಿನ ಬಾಟಲಿ ತುಂಬಿಕೊಂಡು ದಿನಕ್ಕೆ ಎಂಟು ಮನೆ ಮುಗಿಸುತ್ತಿದ್ದಳು. ಊರಿನ ನಡುವೆ ನೀರಿನ ಟ್ಯಾಂಕಿಗೆ ಹೋಗುವ ಉದ್ದನೆಯ ಏರು ಇದೆ. ಅದನ್ನು ಹತ್ತುವಾಗ ತನ್ನ ಅರ್ಧ ವಯಸ್ಸಿನವರನ್ನು ಹಿಂದೆ ಹಾಕಿ ಹೋಗುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. ಅವಳಿಗಾಗ ಐವತ್ತೇಳು.

ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಗೆ ಆ ಏರನ್ನು ಹತ್ತಿ, ಮೇಲಿನ ಸಿಗ್ನಲ್ಲಿನಲ್ಲಿ ಒಂದು ಕಾಲು ನೆಲಕ್ಕೂರಿ ನಿಂತಿದ್ದಳು. ಹಸಿರು ದೀಪ ಬಂತು. ಹಿಂದಿನವರು ಹಾರ್ನ್ ಹೊಡೆದರು. ಅವಳು ಕದಲಲಿಲ್ಲ, ಸೈಕಲ್ ಸಮೇತ ಪಕ್ಕಕ್ಕೆ ಉರುಳಿದಳು. ಹೃದಯ ನಿಂತುಹೋಗಿತ್ತು.

ಅವಳ ಪುಣ್ಯಕ್ಕೆ ಎರಡು ಕಾರಿನ ಹಿಂದೆ ಈಜು ಕಲಿಸುವ ಹೆಂಗಸೊಬ್ಬಳಿದ್ದಳು. ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿ ಬಂದು, ಆಂಬುಲೆನ್ಸ್ ಬರುವವರೆಗೆ ಒಂಬತ್ತು ನಿಮಿಷ ಎದೆ ಒತ್ತಿದಳು. ಅವಳು ಆಮೇಲೆ ಒಮ್ಮೆ ಆಸ್ಪತ್ರೆಗೆ ನೋಡಲು ಬಂದಾಗ, "ಪಕ್ಕೆಲುಬಿನ ನೋವು ಹೇಗಿದೆ?" ಎಂದು ಕೇಳಿದಳು.

"ಎರಡು ಮುರಿದಿದೆಯಂತೆ. ಮುರಿದಿದ್ದು ನೀವೇನಾ?"

"ನಾನೇ. ಕ್ಷಮಿಸಿ."

"ಇನ್ನೆರಡು ಮುರಿದಿದ್ರೂ ಏನೂ ಅಂತಿರಲಿಲ್ಲ ಬಿಡಿ," ಎಂದು ಕತ್ತರಿಯಕ್ಕ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ನಗಲು ಹೋಗಿ ಅತ್ತರು.

ಮೂರು ರಕ್ತನಾಳಗಳು ಕಟ್ಟಿಕೊಂಡಿದ್ದವು. ಎದೆ ತೆರೆದು, ಕಾಲಿನಿಂದ ನಾಳ ತೆಗೆದು, ಬೈಪಾಸ್ ಮಾಡಿದರು. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಐಸಿಯುನಿಂದ ವಾರ್ಡಿಗೆ ತಂದ ಮೇಲೆ ಅವಳ ಗಂಡ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಅವನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಮೂವತ್ತು ವರ್ಷದಿಂದ ಶಾಲೆ ಪುಸ್ತಕಗಳಲ್ಲಿ ಅಕ್ಷರದೋಷ ಹುಡುಕುವುದೇ ಕೆಲಸ. ಮನೆಗೆ ಕಳಿಸುವ ದಿನ ನರ್ಸ್ ಒಂದು ಹಾಳೆ ಕೊಟ್ಟಳು, ಏನು ತಿನ್ನಬೇಕು, ಏನು ಎತ್ತಬಾರದು ಎಂದೆಲ್ಲ ಅದರಲ್ಲಿತ್ತು. ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದ. "ಹೃದಯ" ಎಂದಿರಬೇಕಾದ ಕಡೆಯಲ್ಲೆಲ್ಲ "ಹ್ರುದಯ" ಎಂದಿತ್ತು. ಏಳು ಕಡೆ ಸುತ್ತು ಹಾಕಿ, ಪಕ್ಕದಲ್ಲಿ ಸರಿಯಾಗಿ ಬರೆದು, ಹಾಳೆಯನ್ನು ನರ್ಸಿಗೆ ವಾಪಸ್ಸು ಕೊಟ್ಟ.

"ಸಾರ್, ಇದು ನೀವು ಇಟ್ಕೊಳ್ಳೋ ಹಾಳೆ," ಅಂದಳು ಅವಳು.

ಕತ್ತರಿಯಕ್ಕನಿಗೆ ನಗು ಬಂತು. ನಗಲಿಲ್ಲ. ಮೂವತ್ತೆರಡು ವರ್ಷ ಸಂಸಾರ ಮಾಡಿದವಳಿಗೆ ಗೊತ್ತು, ಅವನು ಹೆದರಿದಾಗಲೇ ಹೀಗೆ ತಪ್ಪು ಹುಡುಕಲು ಕೂರುವುದು.

ಮನೆಗೆ ಬಂದ ಮೇಲೆ ಅವನು ಅವಳ ನೆರಳಾಗಿಬಿಟ್ಟ. ಸ್ನಾನದ ಮನೆಯ ಚಿಲಕ ಬಿಚ್ಚಿ ಹಾಕಿದ. ಅವಳು ನೀರಿನ ತಂಬಿಗೆ ಎತ್ತಿದರೆ ಓಡಿ ಬಂದು ಕಸಿದುಕೊಂಡ. ಕೆಮ್ಮಿದರೆ ಬಂದ, ಕೆಮ್ಮು ನಿಂತರೆ ಯಾಕೆ ನಿಂತಿತು ಎಂದು ಬಂದ. ಮೊದಮೊದಲು ಅವಳಿಗೂ ಅದು ಹಿತವಾಗಿತ್ತು. ಎದೆಯ ನಡುವಿನ ಹೊಲಿಗೆ ಮಾಯುವವರೆಗೆ ಪಕ್ಕಕ್ಕೆ ತಿರುಗಿ ಮಲಗುವಂತಿರಲಿಲ್ಲ. ದಿಂಬು ಅಪ್ಪಿಕೊಂಡೇ ಸೀನಬೇಕು. ಅಂಥ ದಿನಗಳಲ್ಲಿ ಹತ್ತಿರ ಒಬ್ಬರಿದ್ದರೆ ಬೇಡ ಎನ್ನುವವರು ಯಾರು?

ಎಂಟನೇ ವಾರದಿಂದ ಆಸ್ಪತ್ರೆಯ ವ್ಯಾಯಾಮದ ಹಾಲಿಗೆ ಹೋಗತೊಡಗಿದಳು. ಅಲ್ಲಿ ನೆಲಕ್ಕೆ ಕಚ್ಚಿಕೊಂಡ ಆರು ಸೈಕಲ್ಲುಗಳಿದ್ದವು. ಎದೆಗೆ ವೈರು ಅಂಟಿಸಿಕೊಂಡು, ಎದುರಿನ ಬಿಳಿ ಗೋಡೆ ನೋಡುತ್ತಾ ತುಳಿಯಬೇಕು. ಫಿಸಿಯೋಥೆರಪಿಸ್ಟ್ ಎಳೆ ವಯಸ್ಸಿನವಳು, ಆದರೆ ಶಿಸ್ತಿನಲ್ಲಿ ಹೆಡ್‌ಮೇಷ್ಟ್ರನ್ನು ಮೀರಿಸುವವಳು.

"ಅಮ್ಮಾ, ಮಿಷನ್ನು ತೋರಿಸೋ ಅಂಕಿಗಳನ್ನ ನಾನು ನೋಡ್ಕೋತೀನಿ. ನಿಮಗೆ ಒಂದೇ ಲೆಕ್ಕ ಸಾಕು. ತುಳಿಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಹಾಡೋಕಾದ್ರೆ ನೀವು ಸೋಮಾರಿತನ ಮಾಡ್ತಿದೀರ. ಮಾತು ಕಡಿದು ಕಡಿದು ಬಂದ್ರೆ ಜಾಸ್ತಿಯಾಯ್ತು, ಇಳೀಬೇಕು."

"ನಾನು ಹಾಡಿದ್ರೆ ಪಕ್ಕದವರ ಹೃದಯ ನಿಲ್ಲುತ್ತೆ," ಎಂದಳು ಕತ್ತರಿಯಕ್ಕ. ಸಾಲಿನಲ್ಲಿದ್ದ ಐದೂ ಜನ ನಕ್ಕರು. ಯಂತ್ರಗಳೆಲ್ಲ ಒಟ್ಟಿಗೆ ಕೀಂಯ್‌ಗುಟ್ಟಿದವು.

ನಾಲ್ಕು ತಿಂಗಳು ತುಂಬಿದಾಗ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಎದೆಮೂಳೆ ಕೂಡಿದೆ, ಸೈಕಲ್ ಹೊಡೆಯಬಹುದು ಎಂದರು. ಎಲೆಕ್ಟ್ರಿಕ್ ಆದದ್ದು ಒಳ್ಳೆಯದೇ, ಏರಿನಲ್ಲಿ ಭಾರ ಬೀಳುವುದಿಲ್ಲ. ಮೊದಲು ಸಪಾಟು ರಸ್ತೆ, ಜೊತೆಗೊಬ್ಬರು, ನಾಲಿಗೆಯ ಕೆಳಗಿಡುವ ಮಾತ್ರೆ ಜೇಬಿನಲ್ಲಿ, ಇಷ್ಟು ಮರೆಯಬೇಡಿ ಎಂದರು. ಗಂಡ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡ.

ಮನೆಗೆ ಬಂದವಳೇ ಅವಳು ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯ ಬಾಗಿಲು ತೆಗೆದಳು. ಸೈಕಲ್ಲಿತ್ತು, ಮೇಲೆ ಹಳೇ ಬೆಡ್‌ಶೀಟು ಹೊದೆಸಿತ್ತು. ಬ್ಯಾಟರಿ ಇರಬೇಕಾದ ಜಾಗ ಖಾಲಿ.

"ರೀ, ಬ್ಯಾಟರಿ ಎಲ್ಲಿ?"

ಅವನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. "ತೆಗೆದಿಟ್ಟಿದ್ದೀನಿ."

"ಎಲ್ಲಿ?"

"ಕೊಡಲ್ಲ."

ಅವಳು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. "ಡಾಕ್ಟರೇ ಹೇಳಿದ್ರಲ್ಲ. ನಿಮ್ಮೆದುರಿಗೇ ಹೇಳಿದ್ರು. ಭಯ ನನಗೂ ಇಲ್ವಾ? ಹಾಗಂತ ಜೀವಮಾನವೆಲ್ಲ ಗೋಡೆ ನೋಡ್ಕೊಂಡು ತುಳೀಲಾ?"

"ಭಯದ ವಿಷಯ ಅಲ್ಲ ಕಣೆ."

"ಮತ್ತಿನ್ನೇನು?"

ಅವನು ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಂಡ. ತಿರುಗಿ ನೋಡದೆಯೇ ಹೇಳಿದ, "ನಿನಗೆ ಗೊತ್ತಿತ್ತು."

ಅವಳಿಗೆ ಆ ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತೋ ಏನೋ, ಅವನು ಕುರ್ಚಿ ಎಳೆದು ಅವಳ ಕಡೆ ತಳ್ಳಿ, "ಕೂತ್ಕೊ" ಎಂದ. ಎಷ್ಟು ಸಿಟ್ಟಿದ್ದರೂ ಅವಳನ್ನು ನಿಲ್ಲಿಸಿಕೊಂಡು ಜಗಳವಾಡುವ ಧೈರ್ಯ ಅವನಿಗಿರಲಿಲ್ಲ.

"ನೀನು ಐಸಿಯುನಲ್ಲಿದ್ದಾಗ ಬ್ರೇಕಿನ ಹಿಡಿ ಸೊಟ್ಟಗಾಗಿದ್ದನ್ನ ನೋಡಿದೆ. ಸರಿ ಮಾಡಿಸಿ ಯಾರಿಗಾದರೂ ಕೊಟ್ಟುಬಿಡೋಣ ಅಂತ ಸೈಕಲ್ ಅಂಗಡಿಗೆ ತಗೊಂಡು ಹೋದೆ. ಅಂಗಡಿಯವನು ನನ್ನ ನೋಡಿದ ಕೂಡಲೇ ಅಳೋ ಹಾಗಾದ. ಏನಂದ ಗೊತ್ತಾ? 'ಸಾರ್, ಅಕ್ಕ ಎರಡು ತಿಂಗಳ ಹಿಂದೆ ಬಂದಿದ್ರು. ಬ್ಯಾಟರಿ ವೀಕಾಗಿದೆ, ಎರಡರಲ್ಲಿ ಹತ್ತುತ್ತಿದ್ದ ಏರು ಈಗ ಐದರಲ್ಲೂ ಕಷ್ಟ ಅಂದ್ರು. ಮೂರು ಸಲ ಮೀಟರಿಟ್ಟು ನೋಡಿದೆ, ಹೊಸದರ ಹಾಗಿತ್ತು. ಗಾಡೀಲಿ ಏನೂ ಇಲ್ಲಕ್ಕಾ, ಓಡಿಸೋರನ್ನ ಒಂದ್ಸಲ ತೋರಿಸಿ ಅಂತ ತಮಾಷೆ ಮಾಡಿದೆ. ಈಗ ಅದು ನೆನಪಾದ್ರೆ ಊಟ ಸೇರ್ತಿಲ್ಲ ಸಾರ್' ಅಂದ."

ಅವನು ಕೈ ಒರೆಸಿದ ಬಟ್ಟೆಯನ್ನು ಕಟ್ಟೆಯ ಮೇಲೆ ಎಸೆದ. "ಅವನಿಗೆ ಗೊತ್ತು. ನಿನಗೆ ಗೊತ್ತು. ಒಂದೇ ಮನೇಲಿ ಒಂದೇ ಮಂಚದ ಮೇಲೆ ಮಲಗೋ ನನಗೆ ಗೊತ್ತಿಲ್ಲ. ಆ ಎರಡು ತಿಂಗಳೂ ದಿನಾ ಸಾಯಂಕಾಲ ನಾನು ಹೇಗಿತ್ತು ಅಂತ ಕೇಳಿದ್ದೀನಿ. ದಿನಾ ಚೆನ್ನಾಗಿತ್ತು ಅಂದಿದ್ದೀಯ. ನನ್ನ ಕೆಲಸವೇ ತಪ್ಪು ಹಿಡಿಯೋದು. ಅಂಥವನ ಕಣ್ಣಿಗೇ ಮಣ್ಣೆರಚಿದೆಯಲ್ಲೇ."

ಅವನು ಮುದ್ರಣಾಲಯಕ್ಕೆ ಹೊರಟುಹೋದ.

ಎರಡು ದಿನ ಇಬ್ಬರ ನಡುವೆ "ಮಾತ್ರೆ ತಗೊಂಡ್ಯಾ", "ಹೂಂ" ಇಷ್ಟೇ ಮಾತು. ಆ ಎರಡು ದಿನ ಅವಳು ಕುಳಿತಲ್ಲೇ ಹಿಂದಕ್ಕೆ ಹೋಗಿ ಬಂದಳು. ಗೊತ್ತಿತ್ತಾ ತನಗೆ? ಪೂರ್ತಿ ಗೊತ್ತಿತ್ತು ಎನ್ನುವಂತಿಲ್ಲ, ಗೊತ್ತೇ ಇರಲಿಲ್ಲ ಎನ್ನಲು ಬಾಯಿ ಬಾರದು. ಏರಿನ ಅರ್ಧಕ್ಕೆ ಬಂದಾಗ ಎದೆಯ ಮೇಲೆ ಒಂದು ಒದ್ದೆ ಗೋಣಿಚೀಲ ಇಟ್ಟ ಹಾಗಾಗುತ್ತಿತ್ತು. ಹೆಬ್ಬೆರಳು ತಾನಾಗಿಯೇ ಗುಂಡಿಗೆ ಹೋಗುತ್ತಿತ್ತು. ಎರಡಿದ್ದದ್ದು ಮೂರು, ಮೂರಿದ್ದದ್ದು ನಾಲ್ಕು. ಮೋಟಾರು ಗುಂಯ್ ಎನ್ನುವುದು, ಚೀಲದ ಭಾರ ಇಳಿಯುವುದು. ಮಾಮೂಲಿ ಸೈಕಲ್ಲಾಗಿದ್ದರೆ ಆ ಏರು ಎಂದೋ ಅವಳನ್ನು ಕೆಳಗಿಳಿಸಿ ನಿಲ್ಲಿಸುತ್ತಿತ್ತು, ನಿನಗೇನೋ ಆಗಿದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಮೋಟಾರು ಒಳ್ಳೆಯ ಗೆಳತಿಯ ಹಾಗೆ ಎಲ್ಲವನ್ನೂ ಮುಚ್ಚಿ ಹಾಕಿತು. ಬ್ಯಾಟರಿ ಸರಿಯಾಗಿದೆ ಎಂದು ಅಂಗಡಿಯವನು ಹೇಳಿದ ದಿನ ಅವಳು ನೇರ ಆಸ್ಪತ್ರೆಗೆ ಹೋಗಬೇಕಿತ್ತು. ಅವತ್ತೂ ಇನ್ನೂ ಮೂರು ಮನೆ ಮುಗಿಸಿಕೊಂಡೇ ಬಂದಿದ್ದಳು.

ಮೂರನೇ ದಿನ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ, ತಟ್ಟೆ ಇಡುವ ಮೊದಲೇ ಅವಳು ಶುರುಮಾಡಿದಳು.

"ಕೇಳಿ. ಗೊತ್ತಿತ್ತು. ಹೇಳಲಿಲ್ಲ. ತಪ್ಪು ನನ್ನದೇ."

ಅವನು ಚಪ್ಪಲಿಯನ್ನೂ ಬಿಡದೆ ನಿಂತ.

"ನಾನು ಹೋಗೋ ಮನೆಗಳಲ್ಲಿ ಜನ ಹೇಗೆ ಹಾಸಿಗೆ ಸೇರ್ತಾರೆ ನೋಡಿದ್ದೀನಿ ರೀ. ಎಲ್ಲರೂ ಬಿದ್ದು ಸೇರಲ್ಲ. ಮೊದಲು ಮನೆಯವರು ರಸ್ತೆಗೆ ಹೋಗಬೇಡ ಅಂತಾರೆ. ಆಮೇಲೆ ಮೆಟ್ಟಿಲು ಬೇಡ. ಆಮೇಲೆ ಹೊಸ್ತಿಲು. ಎಲ್ಲ ಪ್ರೀತಿಯಿಂದಲೇ ಹೇಳೋದು. ಕೊನೆಗೆ ಕಿಟಕಿ ಪಕ್ಕದ ಕುರ್ಚಿ, ಆಮೇಲೆ ಮಂಚ, ಆಮೇಲೆ ನಾನು ಕತ್ತರಿ ಹಿಡ್ಕೊಂಡು ಬರ್ತೀನಿ. ನಿಮಗೆ ಹೇಳಿದ್ರೆ ನನ್ನ ಕಥೇನೂ ಅದೇ ಆಗುತ್ತೆ ಅನ್ನಿಸ್ತು. ನನಗೆ ನಾನೇ ಗಿರಾಕಿ ಆಗಿಬಿಡ್ತೀನಿ ಅನ್ನೋ ಹೆದರಿಕೆ. ಸಾವಿನ ಯೋಚನೆ ಬರಲೇ ಇಲ್ಲ, ನಿಜವಾಗಲೂ."

ಅವನು ನಿಧಾನವಾಗಿ ಕುರ್ಚಿಯ ಮೇಲೆ ಕುಳಿತ. "ಅಂದ್ರೆ ನನಗೆ ಹೆದರಿ ಮುಚ್ಚಿಟ್ಟೆ."

"ಹೂಂ."

"ನಾನು ಅಷ್ಟು ಕೆಟ್ಟವನಾ?"

"ಸ್ನಾನದ ಮನೆ ಚಿಲಕ ಯಾರು ಬಿಚ್ಚಿದ್ದು?"

ಅವನು ಎದ್ದು ಒಳಗೆ ಹೋದ. ಹಳೇ ಕರಡು ಕಟ್ಟುಗಳನ್ನಿಡುವ ಬೀರುವಿನ ಬಾಗಿಲು ಕಿರ್ರೆಂದಿತು. ಬ್ಯಾಟರಿಯನ್ನು ಮಗುವನ್ನೆತ್ತಿಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದು ತಂದು ಟೇಬಲ್ಲಿನ ಮೇಲಿಟ್ಟ.

"ಚಾರ್ಜ್ ಹಾಕು. ಆದರೆ ಒಬ್ಬಳೇ ಹೋಗೋದಿಲ್ಲ. ನಾನೂ ಬರ್ತೀನಿ."

"ನೀವು ಸೈಕಲ್ ಮುಟ್ಟಿ ಇಪ್ಪತ್ತೈದು ವರ್ಷ ಆಯ್ತಲ್ರೀ!"

"ಸೈಕಲ್ ಕಲಿತವನು ಮರೀತಾನಾ? ನೋಡ್ತಿರು."

ಮರೆತಿರಲಿಲ್ಲ, ನಿಜ. ಆದರೆ ಕಾಲುಗಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಮುದ್ರಣಾಲಯದ ಬೈಂಡರನಿಂದ ಮಾಮೂಲಿ ಸೈಕಲ್ಲೊಂದನ್ನು ಕೇಳಿ ತಂದಿದ್ದ. ಭಾನುವಾರ ಬೆಳಿಗ್ಗೆ ಏಳೂವರೆಗೆ ಇಬ್ಬರೂ ಹೊರಟರು. ಗೇಟು ದಾಟಿ ಮೊದಲ ಬಾರಿ ಪೆಡಲ್ ಒತ್ತಿದಾಗ ಮೋಟಾರು ತಳ್ಳಿದ ಆ ಸಣ್ಣ ನೂಕಿಗೆ ಅವಳ ಜೀವ ಬಾಯಿಗೆ ಬಂತು. ಬಿದ್ದೆ ಎಂದುಕೊಂಡಳು. ಬೀಳಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಗಾಳಿ ಕಿವಿಯ ಪಕ್ಕ ಹಾದು ಹೋಯಿತು. ನಾಲ್ಕು ತಿಂಗಳಿಂದ ಅವಳಿಗೆ ತಾಗಿದ್ದ ಗಾಳಿಯೆಲ್ಲ ಫ್ಯಾನಿನದು.

"ಮಾತಾಡು! ಫಿಸಿಯೋ ಹೇಳಿಲ್ವಾ, ಮಾತಾಡ್ತಾ ಇರು!" ಹಿಂದಿನಿಂದ ಅವನು ಕೂಗಿದ.

"ಏನು ಮಾತಾಡ್ಲಿ?"

"ಏನಾದರೂ! ಬೋರ್ಡು ಓದು!"

ಹೀಗೆ ಅವಳು ಊರಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ಹೊರಟಳು. ಕನ್ನಡಕದ ಅಂಗಡಿ. ಹಲ್ಲಿನ ಡಾಕ್ಟರು. ಇಲ್ಲಿ ವಾಹನ ನಿಲ್ಲಿಸಬೇಡಿ. ಟೈಲರ್ ಬೇಕಾಗಿದ್ದಾರೆ. ಮೂಲೆಯ ಅಂಗಡಿ ಬಂದಾಗ, "ಔಷದಿ ಅಂಗಡಿ" ಎಂದಳು.

"ಏನಂದೆ?"

"ಹಾಗೇ ಬರೆದಿದ್ದಾರೆ ರೀ. ದ. ಹೊಟ್ಟೆ ಸೀಳಿಲ್ಲ."

"ಔಷಧಿ ಅಂಗಡೀಲೇ ಮಹಾಪ್ರಾಣ ಇಲ್ಲದಿದ್ರೆ ಜನ ಬದುಕೋದು ಹೇಗೆ!" ಎಂದು ಅವನು ಏದುಸಿರಿನ ನಡುವೆ ಕೂಗಿದ.

ಅವಳು ನಕ್ಕು ನಕ್ಕು ಸೈಕಲ್ ನಿಲ್ಲಿಸಬೇಕಾಯಿತು. ತಿರುಗಿ ನೋಡಿದರೆ ಅವನು ಬಹಳ ಹಿಂದಿದ್ದ. ಮುಖ ಕೆಂಪಗಾಗಿ, ಅಂಗಿ ಬೆವರಿನಲ್ಲಿ ತೊಯ್ದು, ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದ. ಫಿಸಿಯೋ ನೋಡಿದ್ದರೆ ಇಳಿಸಿ ಕೂರಿಸುತ್ತಿದ್ದದ್ದು ಅವನನ್ನೇ.

ಹೀಗೆ ಮೂರು ವಾರ, ದಿನ ಬಿಟ್ಟು ದಿನ. ನಾಲ್ಕನೇ ವಾರ ಡಾಕ್ಟರನ್ನು ಕೇಳಿಕೊಂಡು ಒಂದು ಸಣ್ಣ ಏರಿನ ರಸ್ತೆಗೆ ತಿರುಗಿದರು. ನೀರಿನ ಟ್ಯಾಂಕಿನದ್ದಲ್ಲ, ಅದರ ಕಾಲುಭಾಗವೂ ಇಲ್ಲದ್ದು. ಅವಳು ಗುಂಡಿ ಒತ್ತಿ ಎರಡಕ್ಕಿಟ್ಟಳು. ಅರ್ಧ ಹತ್ತಿರಬೇಕು, ಎದೆಯ ಎಡಗಡೆ ಏನೋ ಹಿಡಿದ ಹಾಗಾಯಿತು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಇನ್ನೊಂದು ಸಲ ಒತ್ತಿದರೆ ಮೂರು, ಯಾರಿಗೂ ಗೊತ್ತಾಗುವುದಿಲ್ಲ. ಏರಿನ ತುದಿ ಕಣ್ಣೆದುರಿಗೇ ಇತ್ತು. ಅಲ್ಲೊಂದು ಹೂವಿನ ಅಂಗಡಿ, ಬಕೆಟ್ಟುಗಳಿಗೆ ನೀರು ತುಂಬಿಸುತ್ತಿದ್ದ ಹೆಂಗಸು.

ಅವಳು ಬ್ರೇಕು ಹಿಡಿದಳು. "ರೀ. ಎದೆ ಹಿಡೀತಿದೆ."

ಅಷ್ಟು ಹೇಳಲು ಅವಳಿಗೆ ಏರು ಹತ್ತುವುದಕ್ಕಿಂತ ಹೆಚ್ಚು ಶಕ್ತಿ ಬೇಕಾಯಿತು.

ಅವನು ಸೈಕಲ್ಲನ್ನು ರಸ್ತೆಗೇ ಬಿಸಾಕಿ ಓಡಿ ಬಂದ. ಅವಳನ್ನು ಫುಟ್‌ಪಾತಿನ ಅಂಚಿನಲ್ಲಿ ಕೂರಿಸಿದ. ಜೇಬಿನಿಂದ ಮಾತ್ರೆ ತೆಗೆದು ಕೊಟ್ಟ. ಅವಳು ನಾಲಿಗೆಯ ಕೆಳಗಿಟ್ಟುಕೊಂಡಳು. ಅವನು ಆಂಬುಲೆನ್ಸಿಗೆ ಫೋನು ಮಾಡಿ, ಎಲ್ಲಿದ್ದೇವೆ, ಯಾವಾಗ ಶುರುವಾಯಿತು ಎಂದು ಒಂದೊಂದೇ ಬಿಡಿಸಿ ಹೇಳಿದ. ಹೂವಿನಂಗಡಿಯ ಹೆಂಗಸು ಕುರ್ಚಿ ತಂದುಕೊಟ್ಟಳು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡು ಎರಡೆರಡು ಸಲ ಪರೀಕ್ಷೆ ಮಾಡಿದರು. ಹೃದಯದಲ್ಲಿ ಏನೂ ಇರಲಿಲ್ಲ. ಹ್ಯಾಂಡಲ್ ಬಿಗಿಯಾಗಿ ಹಿಡಿದು ಹಿಡಿದು, ಕೊಯ್ದು ಕೂಡಿಸಿದ ಎದೆಯ ಸ್ನಾಯು ಹಿಡಿದುಕೊಂಡಿತ್ತು.

"ಸುಮ್ಮನೆ ಎಲ್ಲರಿಗೂ ತೊಂದರೆ ಕೊಟ್ಟೆ," ಎಂದಳು ಅವಳು.

"ಇಂಥ ತೊಂದರೆ ಬರೋದು ನಮಗೆ ಇಷ್ಟ," ಎಂದರು ಡಾಕ್ಟರು. "ಮುಂದಿನ ಸಲವೂ ಹೀಗೇ ಮಾಡಿ."

ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ಪಕ್ಕ ನಡೆಯುತ್ತಿದ್ದ. ಇನ್ನು ಸೈಕಲ್ಲಿನ ಮಾತು ಮುಗಿದ ಹಾಗೇ ಎಂದು ಅವಳು ಅಂದುಕೊಂಡಿದ್ದಳು. ಲಿಫ್ಟಿನ ಮುಂದೆ ನಿಂತಾಗ ಅವನು ಹೇಳಿದ, "ನನ್ನ ಮಂಡಿ ಹೋಗಿದೆ ಕಣೆ. ಇನ್ಮೇಲೆ ನೀನೊಬ್ಬಳೇ ಹೋಗು."

ಮಂಡಿ ಹೋಗಿದ್ದೂ ನಿಜವೇ. ಆದರೆ ಅವನು ಕೊಟ್ಟದ್ದು ಏನೆಂದು ಅವಳಿಗೆ ತಿಳಿಯಿತು. ಲಿಫ್ಟಿನೊಳಗೆ ಬೇರೆಯವರಿದ್ದರೂ ಅವನ ತೋಳು ಹಿಡಿದುಕೊಂಡಳು.

ಎಂಟು ಮನೆಗಳ ಕಾಲ ಮುಗಿದಿತ್ತು. ಈಗ ದಿನಕ್ಕೆ ಮೂರು, ವಾರಕ್ಕೆ ನಾಲ್ಕು ದಿನ. ಟ್ಯಾಂಕಿನ ಮೇಲಿನ ಮನೆಗಳನ್ನು ತನಗೆ ಗೊತ್ತಿದ್ದ, ಇದೇ ಕಸುಬಿನ ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು. ಬಿಟ್ಟುಕೊಡುವಾಗ ಹೊಟ್ಟೆ ಉರಿಯಿತು, ಆದರೂ ಬಿಟ್ಟುಕೊಟ್ಟಳು. ಅವಳು ಮಲಗಿದ್ದ ತಿಂಗಳುಗಳಲ್ಲಿ ಹಳೆಯ ಗಿರಾಕಿಗಳಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬರು ಮಾತ್ರ ಅಚ್ಚರಿಯೆಂಬಂತೆ ಎದ್ದು ಓಡಾಡಿ, ತಾವೇ ಅಂಗಡಿಗೆ ಹೋಗಿ ಕೂದಲು ಕತ್ತರಿಸಿಕೊಂಡು ಬಂದು, ಚೆನ್ನಾಗಿ ಆಗಲಿಲ್ಲ ಎಂದು ಅವಳಿಗೆ ಫೋನು ಮಾಡಿ ದೂರಿದರು.

ಒಬ್ಬಳೇ ಹೊರಟ ಎರಡನೇ ವಾರ ಒಂದು ಹೊಸ ಮನೆ ಸಿಕ್ಕಿತು. ಎರಡು ಕೋಣೆ, ಕಿಟಕಿಗೆ ಹಸಿರು ಪರದೆ. ಮಂಚದ ಮೇಲೆ ಎಂಬತ್ತರ ಹತ್ತಿರದ ಅಜ್ಜಿ, ಸೊಂಟದ ಮೂಳೆ ಮುರಿದು ಆರು ವಾರವಾಗಿತ್ತು. ಕೂದಲು ಗಂಟು ಗಂಟಾಗಿ ಜಡೆಯೇ ಕಟ್ಟಿಹೋಗಿತ್ತು. ಬಾಗಿಲು ತೆಗೆದ ಸೊಸೆ ತಪ್ಪಿತಸ್ಥಳ ಹಾಗೆ, "ಮುಟ್ಟೋಕೇ ಬಿಡಲ್ಲ ಅತ್ತೆ, ನೋವಾಗುತ್ತೆ ಅಂತಾರೆ," ಎಂದಳು.

ಕತ್ತರಿಯಕ್ಕ ಉಗುರುಬೆಚ್ಚಗಿನ ನೀರು ತರಿಸಿಕೊಂಡಳು. ಗಂಟುಗಳನ್ನು ತುದಿಯಿಂದ ಒಂದೊಂದಾಗಿ ಬಿಡಿಸಿದಳು, ಬಿಡಿಸಲಾಗದ್ದನ್ನು ಕತ್ತರಿಸಿದಳು. ತಲೆ ತೊಳೆದು, ನೆತ್ತಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿದಳು. ಮೊದಲು ಮುಲುಗುತ್ತಿದ್ದ ಅಜ್ಜಿ ಬರಬರುತ್ತಾ ಸುಮ್ಮನಾದರು. ಬಾಯಿ ಸ್ವಲ್ಪ ತೆರೆದುಕೊಂಡಿತು. ನಿದ್ದೆ ಹೋಗಿದ್ದರು, ಅವರ ತಲೆ ಪೂರ್ತಿಯಾಗಿ ಅವಳ ಎಡಗೈಯ ಮೇಲಿತ್ತು.

ಆಗ ಅವಳ ಫೋನು ಸದ್ದು ಮಾಡಿತು. ಬಲಗೈಯಿಂದ ತಡಕಾಡಿ ಕಿವಿಗಿಟ್ಟುಕೊಂಡಳು.

"ಎಲ್ಲಿದ್ದೀಯ? ಹೇಗಿದ್ದೀಯ?" ಗಂಡನ ದನಿಯ ಹಿಂದೆ ಮುದ್ರಣ ಯಂತ್ರಗಳ ಗದ್ದಲ.

"ಚೆನ್ನಾಗಿದ್ದೀನಿ. ಸ್ವಲ್ಪ ಸುಸ್ತಾಗಿದೆ, ಅಷ್ಟೇ. ಇವರು ಮಲಗಿಬಿಟ್ಟಿದ್ದಾರೆ ರೀ," ಎಂದು ಅವಳು ಪಿಸುಗುಟ್ಟಿದಳು. "ಆಮೇಲೆ ಮಾಡ್ತೀನಿ."

ಅಷ್ಟು ದೂರದಲ್ಲಿ, ಅಷ್ಟು ಗದ್ದಲದ ನಡುವೆ ಕುಳಿತವನು, ತಾನೂ ಪಿಸುಗುಟ್ಟಿದ. "ಸರಿ ಸರಿ. ಎಬ್ಬಿಸಬೇಡ."